ಮೊದಲನೆಯ ರೊಟ್ಟಿ

ಶ್ರಾವಣ ಮಾಸವು ಸಮೀಪಿಸಿತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಮನಸ್ಸು ತವರಿನ ದಾರಿಯನ್ನು ಹಿಡಿಯುವದು. ಮದುವೆಯಾಗಿ ಮೂವತ್ತು ವರ್ಷಗಳಾಗಿರಲಿ, ತಲೆಯಲ್ಲಿ ನರೆಯು ಕಾಣಿಸಿಕೊಂಡಿರಲಿ, ಪಂಚಮಿಯ ಹೊತ್ತಿಗೆ ತವರಿನಿಂದ ಕರೆ ಬಾರದೆ ಹೋದರೆ ಕಣ್ಣು ತೇವವಾಗದೆ ಇರದು. ನಾನು ಸಂಸಾರ ಹೂಡಿರುವದು ಹುಬ್ಬಳ್ಳಿಯಲ್ಲಿ. ತವರುಮನೆಯು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿದೆ. ರಾಷ್ಟ್ರಕೂಟರ ಅರಸನಾದ ಒಂದನೆಯ ಕೃಷ್ಣನ ಕಾಲದ, ಅಂದರೆ ಎಂಟನೆಯ ಶತಮಾನದ ಶಾಸನವೊಂದು ದೊರೆತಿರುವ ಹಳೆಯ ಊರು ಅದು. ಆದರೆ ಊರಿನ ನೆನಪಾದಾಗಲೆಲ್ಲ ನನ್ನ ಕಿವಿಗೆ ಮೊದಲು ಕೇಳಿಸುವದು ಅವ್ವನು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಸಪ್ಪಳವೇ.

ಈ ವರ್ಷವೂ ರೊಟ್ಟಿ ಪಂಚಮಿಯ ಮುನ್ನಾದಿನವೇ ಹೋಗಿ ಸೇರಿದೆನು. ನಾಗಚೌತಿ ಹಾಗೂ ಪಂಚಮಿಯ ದಿನಗಳಲ್ಲಿ ಒಲೆಯ ಮೇಲೆ ಹಂಚು ಇಡಬಾರದೆಂಬ ನೇಮವಿರುವದರಿಂದ, ಅವುಗಳ ಹಿಂದಿನ ದಿನವೇ ನಮ್ಮ ಸೀಮೆಯ ಮನೆಮನೆಗಳಲ್ಲಿ ರೊಟ್ಟಿಗಳ ರಾಶಿ ಬೀಳುವದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬಿಳಿಜೋಳದ ಖಡಕ್ ರೊಟ್ಟಿ, ಜೊತೆಗೆ ಮಡಿಕೆಕಾಳಿನ ಪಲ್ಯ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳಿನ ಹಿಂಡಿ. ಇವನ್ನು ನೆರೆಹೊರೆಯವರಿಗೆ ಬೀರುವದು, ಅವರು ಬೀರಿದ್ದನ್ನು ನಾವು ಉಣ್ಣುವದು, ಇದೇ ಆ ದಿನದ ಸಂಭ್ರಮ.

ಅವ್ವನಿಗೆ ಈಗ ಎಪ್ಪತ್ತಾರು ವರ್ಷ. ಮೊಣಕಾಲು ನೋವಿನಿಂದಾಗಿ ಅಡಿಗೆಯ ಭಾರವನ್ನೆಲ್ಲ ಅತ್ತಿಗೆಗೆ ಒಪ್ಪಿಸಿದ್ದರೂ, ಆ ದಿನದ ಮೊದಲನೆಯ ರೊಟ್ಟಿಯನ್ನು ಮಾತ್ರ ತಾನೇ ಬಡಿಯುವಳು. ಹಂಚಿನಿಂದ ಇಳಿದ ಆ ರೊಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಅದು ಎತ್ತುಗಳಿಗೆ ಸಲ್ಲತಕ್ಕದ್ದು. ನಾವು ಚಿಕ್ಕವರಿದ್ದಾಗ ಬಿಸಿರೊಟ್ಟಿಯ ವಾಸನೆಗೆ ಸೋತು ಕೈ ಚಾಚಿದರೆ, ಅವಳು ಕೈಮೇಲೆ ಮೆಲ್ಲಗೆ ಹೊಡೆದು, “ದುಡಿಯೂ ಬಾಯಿಗೆ ಮೊದ್ಲು, ಬೇಡೂ ಬಾಯಿಗೆ ಆಮ್ಯಾಲೆ” ಎನ್ನುತ್ತಿದ್ದಳು. ಬಿಸಿ ಆರಿದ ಮೇಲೆ ಆ ರೊಟ್ಟಿಯನ್ನು ಎರಡು ಪಾಲು ಮಾಡಿ, ಚೂರು ಬೆಲ್ಲವಿಟ್ಟು, ಒಂದು ಪಾಲನ್ನು ಬಸವನಿಗೂ ಇನ್ನೊಂದನ್ನು ಸೋಮನಿಗೂ ತಿನ್ನಿಸುವದು ನಮ್ಮ ಕೆಲಸವಾಗಿದ್ದಿತು. ಎತ್ತುಗಳು ಬದಲಾದವು, ಹೆಸರುಗಳು ಮಾತ್ರ ಅವೇ ಉಳಿದುಕೊಂಡು ಬಂದಿವೆ.

ನಮ್ಮ ಮನೆಯು ಹಳೆಯ ಕಾಲದ್ದು. ತಲೆಬಾಗಿಲನ್ನು ದಾಟಿದ ಕೂಡಲೆ ದನ ಕಟ್ಟುವ ಅಂಕಣ, ಅದಕ್ಕಿಂತ ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರಾಚೆಗೆ ಅಡಿಗೆಮನೆ. ಪಡಸಾಲೆಯಲ್ಲಿ ಊಟಕ್ಕೆ ಕುಳಿತರೆ ಎದುರಿನ ಗೋದಲಿಯಲ್ಲಿ ದನಗಳು ಮೇಯುವದು ಕಾಣುವದು. ಪಟ್ಟಣದ ಬೀಗರು ಬಂದಾಗ ಮೂಗಿಗೆ ಸೆರಗು ಹಿಡಿದದ್ದುಂಟು. ನಮಗಾದರೋ ಅದು ಒಂದೇ ಪಂಕ್ತಿಯ ಊಟವಾಗಿ ತೋರುತ್ತಿದ್ದಿತು. ಸೋಮನು ಮೇವು ಬಿಟ್ಟ ದಿನ ಅಪ್ಪನಿಗೂ ಊಟ ಸೇರುತ್ತಿದ್ದಿಲ್ಲ.

ಆ ರಾತ್ರಿ ಊಟವಾದ ಮೇಲೆ ಅಣ್ಣನು ಸವಣೂರಿನ ಎಲೆಗೆ ಸುಣ್ಣ ಸವರುತ್ತ, ತಲೆಯೆತ್ತದೆ ಹೇಳಿದನು: “ಈ ಸಲ ಎತ್ತು ಮಾರಿಬಿಡೂಣು ಅಂತ ಮಾಡೇನವ್ವಾ. ಎರಿಹೊಲದಾಗ ಜೋಳಾನೂ ಬ್ಯಾಡ. ಹಿಂಗಾರಿಗೆ ಕಡ್ಲಿ ಬಿತ್ತತೀನಿ.”

ಅವ್ವನು ಏನೂ ಅನ್ನಲಿಲ್ಲ. ನಾನೇ ಕೆರಳಿ ನಾಲ್ಕು ಮಾತು ಆಡಿದೆನು. ಅಣ್ಣನು ಸಿಟ್ಟಾಗಲಿಲ್ಲ, ಲೆಕ್ಕ ಹೇಳಿದನು. ದೊಡ್ಡ ಎತ್ತುಗಳ ಒಂದು ಜೋಡಿಗೆ ದಿನಕ್ಕೆ ಸುಮಾರು ೨೦ ಕಿಲೋ ಒಣಮೇವು ಬೇಕು. ವರ್ಷಕ್ಕೆ ೭ ಟನ್ನಿಗೂ ಮೀರುವದು. ಇರುವ ಎರಡು ಎಕರೆ ಎರೆಹೊಲದ ಕಣಿಕೆಯು ಅದರ ಅರ್ಧಕ್ಕೆ ಸಾಲುವದೂ ಕಷ್ಟ. ಉಳಿದದ್ದನ್ನು ಕೊಂಡು ತರಬೇಕು. ಎತ್ತುಗಳು ಒಂದು ದಿನ ಮಾಡುವ ಗಳೆಯನ್ನು ಟ್ರ್ಯಾಕ್ಟರು ತಾಸಿನಲ್ಲಿ ಮುಗಿಸುವದು. ಎಡೆ ಹೊಡೆಯುವದಕ್ಕಷ್ಟೇ ಎತ್ತು ಬೇಕು, ಅದು ಬಾಡಿಗೆಗೆ ಸಿಕ್ಕೀತು. ಇನ್ನು ಹಿಂಗಾರಿ ಜೋಳವನ್ನು ಬೇರುಸಹಿತ ಕಿತ್ತು, ತೆನೆ ಮುರಿದು, ಕಣಿಕೆಯನ್ನು ಕಟ್ಟಿ, ಬಣವೆ ಒಟ್ಟುವ ಆಳುಗಳು ಎಲ್ಲಿದ್ದಾರೆ? ಕಡಲೆಯನ್ನಾದರೆ ಯಂತ್ರದಿಂದ ಒಕ್ಕಬಹುದು. ಅವನ ಲೆಕ್ಕದಲ್ಲಿ ಒಂದು ತಪ್ಪನ್ನೂ ನಾನು ಕಾಣದಾದೆನು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಕತ್ತಲೆಯಲ್ಲಿ ಎತ್ತುಗಳು ಮೆಲುಕು ಹಾಕುವ ಸದ್ದನ್ನು ಕೇಳುತ್ತ, ಈ ಮನೆಯಲ್ಲಿ ಯಾರು ಯಾರು ಏನೇನು ಉಂಡರೆಂದು ಎಣಿಸತೊಡಗಿದೆನು.

ದನಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುವವೆಂದು ಶಾಲೆಯಲ್ಲಿ ಓದಿದ್ದೆನು. ಮೊದಲು ಅವಸರದಿಂದ ನುಂಗಿ, ಆಮೇಲೆ ನೆರಳಿನಲ್ಲಿ ಮಲಗಿ, ನುಂಗಿದ್ದನ್ನು ಮತ್ತೆ ಬಾಯಿಗೆ ತಂದು, ದಿನಕ್ಕೆ ಎಂಟು ತಾಸಿನವರೆಗೂ ಅಗಿಯುವವು. ನಮಗೆ ಜೀರ್ಣವಾಗದ ಕಣಿಕೆ, ಹೊಟ್ಟು, ರವದಿಗಳಿಂದಲೇ ಅವು ಬಲವನ್ನೂ ಹಾಲನ್ನೂ ಮಾಡುವವು. ಅಡಿಗೆಮನೆಯ ಮುಸುರೆ ನೀರು, ತರಕಾರಿಯ ಸಿಪ್ಪೆ, ಗಾಣದ ಹಿಂಡಿ, ಎಲ್ಲಕ್ಕೂ ಅವುಗಳ ಗೋದಲಿಯಲ್ಲಿ ಬೆಲೆಯಿತ್ತು. ನಮ್ಮೂರ ಹೆಸರಿನಲ್ಲಿಯೇ ಹತ್ತಿಯಿದೆಯಷ್ಟೆ? ಅರಳೆಯು ಸಂತೆಗೆ ಹೋದರೆ ಹತ್ತಿಕಾಳು ಎಮ್ಮೆಗೆ ಉಳಿಯುತ್ತಿದ್ದಿತು. ರಾತ್ರಿ ನೆನೆಯಿಟ್ಟು ಬೆಳಿಗ್ಗೆ ರುಬ್ಬಿ ಹಾಕಿದರೆ ಹಾಲಿನ ಕೆನೆಯು ದಪ್ಪವಾಗುವದೆಂದು ಅವ್ವನ ನಂಬಿಕೆ. ಮೊದಲೇ ಎಮ್ಮೆಯ ಹಾಲಿನಲ್ಲಿ ನೂರಕ್ಕೆ ೬ರಿಂದ ೮ ಪಾಲು ಜಿಡ್ಡು ಇರುವದು. ಆದರೆ ಅದೇ ಹತ್ತಿಕಾಳನ್ನು ಕೋಳಿಯ ಮುಂದೆ ಚೆಲ್ಲಗೊಡುತ್ತಿರಲಿಲ್ಲ. ಎಳೆಯ ಕರುವಿಗೂ ಹಾಕಗೊಡುತ್ತಿರಲಿಲ್ಲ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷವಸ್ತುವಿರುವದೆಂದೂ, ಬೆಳೆದ ದನದ ಹೊಟ್ಟೆಯು ಅದನ್ನು ಒಂದು ಮಿತಿಯವರೆಗೆ ತಡೆಯಬಲ್ಲದೆಂದೂ, ಕೋಳಿಗೂ ಎಳೆಗರುವಿಗೂ ಆ ಶಕ್ತಿಯಿಲ್ಲವೆಂದೂ ನಾನು ಪುಸ್ತಕದಲ್ಲಿ ತಿಳಿದದ್ದು ಬಹಳ ತಡವಾಗಿ. ಅವ್ವನು ಪುಸ್ತಕ ಓದಿದವಳಲ್ಲ, ನೋಡಿ ತಿಳಿದವಳು.

ಬಾಗಿಲ ನಾಯಿಯ ಪಾಲು ಕೊನೆಯ ರೊಟ್ಟಿ. ಅದೇಕೆ ನಾಯಿಯು ರೊಟ್ಟಿ ತಿಂದು ಬದುಕುವದು, ತೋಳವು ಬದುಕದು? ೨೦೧೩ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ಎರಡರ ವಂಶವಾಹಿಗಳನ್ನೂ ಹೋಲಿಸಿ ನೋಡಿ, ಹಿಟ್ಟಿನ ಪದಾರ್ಥವನ್ನು ಜೀರ್ಣಿಸಿಕೊಳ್ಳುವ ಶಕ್ತಿಯು ನಾಯಿಯಲ್ಲಿ ತೋಳಕ್ಕಿಂತ ಬಹಳ ಹೆಚ್ಚಿರುವದೆಂದು ತೋರಿಸಿಕೊಟ್ಟರು. ಒಕ್ಕಲಿಗನ ಮನೆಯ ಬಾಗಿಲಲ್ಲಿ ಸಾವಿರಾರು ವರ್ಷ ಕಾಯ್ದುಕೊಂಡು ಬಿದ್ದುದರ ಫಲವಿದು. ನಮ್ಮ ಅನ್ನವು ಅದರ ಮೈಯನ್ನೇ ತಿದ್ದಿರುವದು. ಬೆಕ್ಕಿನ ಕಥೆ ಬೇರೆ. ಅದು ನಮ್ಮ ಮನೆಯಲ್ಲಿದ್ದರೂ ನಮ್ಮ ಊಟಕ್ಕೆ ಒಗ್ಗಿದ ಪ್ರಾಣಿಯಲ್ಲ. ಹೋಳಿಗೆಯನ್ನು ಮೂಸಿ ಬಿಟ್ಟು, ಅದರ ಮೇಲಿನ ತುಪ್ಪವನ್ನಷ್ಟೇ ನೆಕ್ಕಿ ಹೋಗುವ ಬೆಕ್ಕನ್ನು ಕಂಡು ಮಕ್ಕಳು ನಗುವವು. ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದೆಂಬದು ಈಗ ಸಿದ್ಧವಾದ ಮಾತು. ಅದಕ್ಕೆ ಬೇಕಾದದ್ದು ನಮ್ಮ ಕಾಳಿನ ಚೀಲಕ್ಕೆ ಬರುವ ಇಲಿ. ಕಾಳು ಇಲಿಯನ್ನು ಕರೆಯಿತು, ಇಲಿಯು ಬೆಕ್ಕನ್ನು ಕರೆಯಿತು. ಹೀಗೆ ನೋಡಿದರೆ ನಮ್ಮ ಮನೆಯ ಸಂಸಾರವೆಲ್ಲ ಆ ಎರಡು ಎಕರೆ ಜೋಳದ ಸುತ್ತಲೇ ಕೂಡಿದ್ದಿತು.

ಜೋಳದ ಒಂದು ವಿಶೇಷವನ್ನು ನಾನು ಆ ರಾತ್ರಿಯೇ ಸರಿಯಾಗಿ ಗ್ರಹಿಸಿದೆನು. ಒಂದೇ ದಂಟಿನ ತುದಿಯಲ್ಲಿ ಮನುಷ್ಯನ ಊಟ. ಉಳಿದ ಉದ್ದವೆಲ್ಲ ದನದ ಊಟ. ಹಿಂಗಾರಿ ಮಳೆಯ ಹಸಿಯನ್ನು ಎರೆಮಣ್ಣು ಹಿಡಿದಿಟ್ಟುಕೊಂಡರೆ ಸಾಕು, ಮೇಲಿನಿಂದ ನೀರು ಹನಿಸದೆಯೂ ಆ ಪೈರು ಚಳಿಗಾಲವನ್ನು ಕಳೆದು ತೆನೆ ಕಟ್ಟುವದು. ಅದಕ್ಕೇ ನಮ್ಮ ಹಿರಿಯರು ಜೋಳವನ್ನು ಆರಿಸುವಾಗ ತೆನೆಯನ್ನಷ್ಟೇ ನೋಡದೆ ದಂಟಿನ ಎತ್ತರವನ್ನೂ ನೋಡುತ್ತಿದ್ದರು. ೧೯೬೪ರಲ್ಲಿ ನಮ್ಮ ದೇಶದ ಮೊದಲನೆಯ ಹೈಬ್ರಿಡ್ ಜೋಳವು ಬಿಡುಗಡೆಯಾಯಿತು. ಕಾಳಿನ ಇಳುವರಿಯಲ್ಲಿ ಅದು ಹಳೆಯ ತಳಿಗಳನ್ನು ಮೀರಿಸಿತು. ಆದರೆ ದಂಟು ಗಿಡ್ಡ. ಅದನ್ನು ಬಿತ್ತಿದ ವರ್ಷ ನಮ್ಮ ಅಜ್ಜನು, “ನಮ್ಮ ಹೊಟ್ಟಿ ತುಂಬಿತು, ಬಣವಿ ಹೊಟ್ಟಿ ತುಂಬಲಿಲ್ಲ” ಎಂದು ಗೊಣಗಿದ್ದನಂತೆ. ಹಿಂಗಾರಿಗೆ ಎತ್ತರದ ಮಾಲದಂಡಿ ಜೋಳವನ್ನು ಅವನು ಬಿಡಲಿಲ್ಲ.

ಹಾಗೆಂದು ಜೋಳವು ಕೇವಲ ಸಾಧುವಾದ ಪೈರೆಂದು ತಿಳಿಯಬಾರದು. ಎಳೆಯ ಪೈರಿನಲ್ಲಿ, ಮಳೆ ತಪ್ಪಿ ಬಾಡಿದ ಪೈರಿನಲ್ಲಿ, ಕೊಯ್ದ ಕೂಳೆಯಿಂದ ಮತ್ತೆ ಒಡೆದ ಚಿಗುರಿನಲ್ಲಿ ಪ್ರಾಣ ತೆಗೆಯುವಂಥ ವಿಷವುಂಟು. ಹಸಿದ ಎತ್ತು ಅದನ್ನು ಹೊಟ್ಟೆತುಂಬ ತಿಂದರೆ ಸ್ವಲ್ಪ ಹೊತ್ತಿನಲ್ಲಿಯೇ ಉರುಳಬಹುದು. ಬೆಳೆದು ಒಣಗಿದ ಕಣಿಕೆಗೆ ಆ ದೋಷವಿಲ್ಲ. ಆದುದರಿಂದ ಜೋಳದ ಹೊಲದ ಬದುವಿನ ಮೇಲೆ ದನ ಕಾಯುವ ಹುಡುಗನಿಗೂ ಎಷ್ಟು ಎತ್ತರದ ಪೈರಿಗೆ ದನವನ್ನು ಬಿಡಬಾರದೆಂಬದು ಗೊತ್ತಿರಬೇಕಾಗುತ್ತಿದ್ದಿತು. ಮುಂದೆ ದನವೂ ಇಲ್ಲ, ಜೋಳವೂ ಇಲ್ಲವೆಂದಾದರೆ ಆ ತಿಳಿವಳಿಕೆಗೆ ಮನೆಯೆಲ್ಲಿ?

ಈಗ ನಮ್ಮ ಸೀಮೆಯ ಹೊಲಗಳಲ್ಲಿ ಎತ್ತ ನೋಡಿದರೂ ಗೋವಿನಜೋಳ. ಹಾವೇರಿಯು ಕರ್ನಾಟಕದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಒಂದಾಗಿದೆ. ನಮ್ಮ ಉಳಿದ ಹೊಲದಲ್ಲಿಯೂ ಮುಂಗಾರಿಗೆ ಅದೇ ನಿಂತಿದೆ. ಅಣ್ಣನ ಮಕ್ಕಳ ಶಾಲೆಯ ವೆಚ್ಚವನ್ನು ಅದೇ ಹೊತ್ತಿದೆ. ಮೆಕ್ಸಿಕೋ ದೇಶದ ಈ ಪೈರು ಪೋರ್ತುಗೀಜರ ಕಾಲದಲ್ಲಿ ಇಲ್ಲಿಗೆ ಬಂದಿತೆನ್ನುವರು. ಬಿಳಿಜೋಳವಾದರೂ ಇಲ್ಲಿಯದಲ್ಲ, ಆಫ್ರಿಕದ ಈಶಾನ್ಯ ಭಾಗದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದದ್ದು. ಆದುದರಿಂದ ಒಂದನ್ನು ಸ್ವದೇಶಿ, ಇನ್ನೊಂದನ್ನು ಪರದೇಶಿ ಎಂದು ಹಳಿಯುವದು ನನ್ನ ಉದ್ದೇಶವಲ್ಲ. ನನಗೆ ವಿಚಿತ್ರವಾಗಿ ಕಂಡದ್ದು ಹೆಸರು. ಗೋವಿನಜೋಳವೆಂದು ಕರೆಯುವೆವು, ಆದರೆ ಅದರ ಕಾಳು ಬಹುಮಟ್ಟಿಗೆ ಹೋಗುವದು ದೂರದ ಕೋಳಿಫಾರ್ಮುಗಳಿಗೂ ಪಿಷ್ಟದ ಕಾರಖಾನೆಗಳಿಗೂ. ನಾವು ಮುಖ ಕಾಣದ ಕೋಳಿಗಳಿಗಾಗಿ ಹೊಲವನ್ನು ಬಿತ್ತುವೆವು. ನಮ್ಮ ಅಂಕಣದಲ್ಲಿ ನಿಂತ ಎಮ್ಮೆಗಾಗಿ ಚೀಲದ ಮೇವನ್ನು ಪೇಟೆಯಿಂದ ತರುವೆವು. ಅಲ್ಲಿಯ ಕೋಳಿಯು ಏನು ತಿಂದಿತೆಂಬದು ನಮಗೆ ತಿಳಿಯದು. ಇಲ್ಲಿಯ ಚೀಲದಲ್ಲಿ ಏನಿದೆಯೆಂಬದೂ ತಿಳಿಯದು.

ಮರುದಿನ ನಾಗಚೌತಿ. ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಅವರವರ ಪಾಲು ಎಂದು ಹನಿಹನಿಯಾಗಿ ಹಾಲು ಬಿಡುವದು ನಮ್ಮಲ್ಲಿಯ ಪದ್ಧತಿ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂದೂ, ಅದರ ಆಹಾರವು ಇಲಿ, ಕಪ್ಪೆಗಳೆಂದೂ ಇಂದು ಶಾಲೆಯ ಮಕ್ಕಳೂ ಬಲ್ಲರು. ಇತ್ತೀಚಿನ ವರ್ಷಗಳಲ್ಲಿ ಈ ಹಾಲನ್ನು ಬಡಮಕ್ಕಳಿಗೆ ಕುಡಿಸುವ ಸತ್ಕಾರ್ಯವೂ ಅಲ್ಲಲ್ಲಿ ನಡೆದಿದೆ. ಅವ್ವನೂ ಈಗ ಬಟ್ಟಲಿನಲ್ಲಿ ನಾಲ್ಕು ಹನಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೇರಿಯ ಮಕ್ಕಳಿಗೆ ಕೊಡುವಳು. ನಮಗೆ ಪ್ರಿಯವಾದದ್ದನ್ನು ಕೊಟ್ಟರೆ ಸಾಲದು, ಉಣ್ಣುವವರಿಗೆ ಹಿತವಾದದ್ದನ್ನು ಕೊಡಬೇಕೆಂದು ಅವಳು ಹತ್ತಿಕಾಳಿನಿಂದ ಕಲಿತಿದ್ದಳಷ್ಟೆ.

ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ಮಗನ ಪಾಲು, ಸೊಸೆಯ ಪಾಲು, ಮೊಮ್ಮಕ್ಕಳ ಪಾಲು, ಹುಬ್ಬಳ್ಳಿಯ ಮಗಳ ಪಾಲು ಎಂದು ಒಂದೊಂದೇ ಹನಿ ಬಿಡುತ್ತ ಬಂದ ಅವ್ವನು, “ಎತ್ತಿನ ಪಾಲು” ಎನ್ನುವಲ್ಲಿ ಕೈ ತಡೆದಳು. ಹಿಂದೆ ನಿಂತಿದ್ದ ಅಣ್ಣನ ಕಡೆಗೆ ತಿರುಗಿ, ಬಹಳ ಸಾವಧಾನವಾಗಿ ಕೇಳಿದಳು: “ತಮ್ಮಾ, ಬರೂ ವರ್ಷ ಈ ಪಾಲು ಅನ್ನಲೋ, ಬಿಡಲೋ? ನನಗ ಮರವು ಬಾಳ. ಈಗ ಹೇಳಿದ್ರ ರೂಢಿ ಮಾಡ್ಕೋತೀನಿ.”

ಆ ಮಾತಿನಲ್ಲಿ ಚುಚ್ಚುವಿಕೆ ಇದ್ದಿಲ್ಲ. ಅವಳಿಗೆ ನಿಜವಾಗಿ ಉತ್ತರ ಬೇಕಾಗಿದ್ದಿತು. ಅಣ್ಣನು ಉತ್ತರ ಕೊಡದೆ ಹೊರಗೆ ಹೋದನು.

ಮಧ್ಯಾಹ್ನ ನಾನು ಅವನ ಬೆನ್ನುಹತ್ತಿ ಎರೆಹೊಲಕ್ಕೆ ಹೋದೆನು. ಬದುವಿನ ಬೇವಿನ ಮರದ ಕೆಳಗೆ ಕುಳಿತೆವು. ಅಲ್ಲಿ ನಾನು ಅವನ ಮುಂದೆ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಯಿತು. ಹುಬ್ಬಳ್ಳಿಯಲ್ಲಿ ನಾನು ರೊಟ್ಟಿ ಬಡಿಯುವದನ್ನು ಬಿಟ್ಟು ಆರು ವರ್ಷಗಳಾದವು. ಅಂಗಡಿಯಿಂದ ಎಣಿಸಿ ತರುವೆನು. ೨೦೨೩ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ನಮ್ಮ ಓಣಿಯಲ್ಲಿ ಜೋಳದ ಗುಣಗಾನವು ಹೆಚ್ಚಿದೆ. ಆದರೆ ಆ ಜೋಳವು ಯಾರ ಹೊಲದ್ದು, ಅದರ ಕಣಿಕೆಯನ್ನು ಯಾವ ಎತ್ತು ತಿಂದಿತು ಎಂದು ನಾನು ಒಮ್ಮೆಯೂ ಕೇಳಿದವಳಲ್ಲ. ತವರಿನ ಜೋಳ ಹೋಗುವದೆಂದು ಅಳುವವಳು ತವರಿನ ಜೋಳವನ್ನು ಕೊಂಡವಳಲ್ಲ!

“ನಾನೂ, ನಮ್ಮ ಓಣಿಯ ನಾಲ್ಕು ಮನಿಯವ್ರೂ ನಿನ್ನ ಜೋಳ ತಗೋತೀವಿ, ಅಣ್ಣಾ. ಅಂಗಡಿ ದರಾನ ಕೊಡತೀವಿ” ಎಂದೆನು.

ಅವನು ನಕ್ಕು, “ಜೋಳ ಕೀಳಾಕ ಯಾರು ಬರ್ತಾರ, ತಂಗೀ?” ಎಂದನು.

“ನಾವ ಬರ್ತೀವಿ. ಮಕ್ಕಳನ್ನೂ ಕರಕೊಂಡು ಬರ್ತೀನಿ. ನಮ್ಮ ಕೈಲೆ ಆಗದ್ದನ್ನ ಆಳಿಗೆ ಕೊಡು. ಅರ್ಧ ಕೂಲಿ ನಂದು.”

ಬಹಳ ಹೊತ್ತಿನ ಮೇಲೆ ಅವನು ಒಂದು ನಿರ್ಧಾರಕ್ಕೆ ಬಂದನು. ಒಂದು ಎಕರೆ ಕಡಲೆ, ಒಂದು ಎಕರೆ ಜೋಳ. ಎಮ್ಮೆಗೂ ಮನೆಯ ರೊಟ್ಟಿಗೂ ನಮ್ಮ ಓಣಿಗೂ ಅದು ಸಾಲುವದು. ಎತ್ತುಗಳ ಮಾತನ್ನು ಸೀಗಿ ಹುಣ್ಣಿಮೆಯವರೆಗೆ ಮುಂದಕ್ಕೆ ಹಾಕಿದನು. ಆ ದಿನ ಅವ್ವನು ಹೊಲದಲ್ಲಿ ಚರಗ ಚೆಲ್ಲಲು ಹೋಗುವಳು. ಬಂಡಿಯಲ್ಲಿ ಹೋಗುವಳೋ ಟ್ರ್ಯಾಕ್ಟರಿನಲ್ಲಿ ಹೋಗುವಳೋ ಆಗಲೇ ಗೊತ್ತಾಗುವದು. ಎತ್ತುಗಳು ಉಳಿದಾವೆಂದು ನಾನು ವಾಚಕರಿಗೆ ಭರವಸೆ ಕೊಡಲಾರೆ. ಏಳು ಟನ್ನು ಮೇವಿನ ಲೆಕ್ಕವು ನನ್ನ ಕಣ್ಣೀರಿನಿಂದ ಕಡಿಮೆಯಾಗುವಂಥದಲ್ಲ.

ಪಂಚಮಿ ಮುಗಿಸಿ, ಶೇಂಗಾ ಉಂಡಿ, ಎಳ್ಳಿನ ಉಂಡಿ, ರೊಟ್ಟಿಯ ಗಂಟುಗಳೊಡನೆ ಹುಬ್ಬಳ್ಳಿಗೆ ಮರಳಿದೆನು. ಮರುದಿನ ಬೆಳಿಗ್ಗೆ ಎಂದಿನಂತೆ ಮನೆಯ ಮುಸುರೆ, ಸಿಪ್ಪೆ, ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಂಟು ಹಾಕಿ, ಕಸದ ಕಡೆಗೆ ಒಯ್ದೆನು. ಅಲ್ಲಿ ಒಂದು ಬಡಕಲು ಆಕಳು ಇನ್ನಾರೋ ಎಸೆದ ಅಂಥದೇ ಗಂಟನ್ನು ಬಿಚ್ಚಲಾರದೆ, ಚೀಲದೊಡನೆಯೇ ಜಗಿಯುತ್ತ ನಿಂತಿದ್ದಿತು. ಆ ಚೀಲವು ದನದ ಹೊಟ್ಟೆಯಲ್ಲಿ ಕರಗದು, ಹೊರಗೂ ಹೋಗದು. ಅಲ್ಲಿಯೇ ಉಂಡೆಯಾಗಿ ಕುಳಿತು, ವರ್ಷಗಳು ಕಳೆದಂತೆ ಮೇವಿಗೆ ಜಾಗವಿಲ್ಲದಂತೆ ಮಾಡುವದು. ಹೊಟ್ಟೆ ತುಂಬಿದ್ದೂ ದನವು ಹಸಿವಿನಿಂದ ಸಾಯುವದು. ಎಷ್ಟು ವರ್ಷ ನಾನು ಹೀಗೆ ಗಂಟು ಹಾಕಿ ಎಸೆದೆನೋ! ನನ್ನ ಮನೆಯ ಅನ್ನವನ್ನು ಉಣ್ಣುವವರು ಇಲ್ಲಿಯೂ ಇದ್ದರು. ನಾನು ಅವರ ಮುಖ ನೋಡಿದ್ದಿಲ್ಲ.

ಆ ದಿನದಿಂದ ನಮ್ಮ ಮನೆಯ ಹಸಿಕಸವು ಬೇರೆ ಬುಟ್ಟಿಗೆ ಬೀಳುತ್ತಿದೆ. ಸಿಪ್ಪೆಯನ್ನೂ ಮುಸುರೆಯನ್ನೂ ಹಿಂದಿನ ಓಣಿಯ ಎಮ್ಮೆಯವರು ಬಂದು ಒಯ್ಯುವರು. ಇದು ದೊಡ್ಡ ಸಾಧನೆಯೇನೂ ಅಲ್ಲವೆಂದು ಬಲ್ಲೆನು. ಭಗಿನಿಯರೇ, ಎತ್ತು ಕಟ್ಟುವ ಅಂಕಣವು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಉಳಿದೀತು? ಆದರೆ ನಮ್ಮ ಒಲೆಯಿಂದ ಯಾರ ಯಾರ ಹೊಟ್ಟೆಗೆ ಏನು ಹೋಗುವದೆಂದು ಒಮ್ಮೆ ಎಣಿಸಿ ನೋಡುವದಕ್ಕೆ ಅಂಕಣ ಬೇಕಿಲ್ಲ; ಒಂದು ಹಬ್ಬದ ದಿನ ಸಾಕು.

ಮೊನ್ನೆ ಊರಿನಿಂದ ಫೋನು ಬಂದಿತ್ತು. ಎರೆಹೊಲವು ಹದವಾಗಿದೆಯಂತೆ, ಜೋಳದ ಬೀಜವನ್ನು ಅವ್ವನೇ ಮೊರದಲ್ಲಿ ಕೇರಿ ಇಟ್ಟಿದ್ದಾಳಂತೆ. ಮಾತು ಮುಗಿಸುವಾಗ ಅವಳು ಕೇಳಿದಳು: “ನೀ ರೊಟ್ಟಿ ಬಡ್ಯಾಕ ಸುರು ಮಾಡಿದೇನು?”

ಮಾಡಿದ್ದೇನೆಂದು ಹೇಳಿದೆನು. ಮೊದಲನೆಯದು ಇನ್ನೂ ಹರಿಯುತ್ತಿದೆ. ಅದನ್ನು ಹಿಂದಿನ ಓಣಿಯ ಎಮ್ಮೆಗೆ ಹಾಕುತ್ತಿದ್ದೇನೆ.